ಮನೆಯೊಳಗೆ ಬಾರದ ಕಾಗದ

ಮಕ್ಕಳೇ, ಆ ತಗಡಿನ ಪೆಟ್ಟಿಗೆಯಲ್ಲಿರುವುದನ್ನೆಲ್ಲ ಯಾಕೆ ಕೂಡಿಟ್ಟೆ ಎಂದು ನೀವು ಎಷ್ಟೋ ಸಲ ಕೇಳಿದ್ದೀರಿ. ಬಾಯಲ್ಲಿ ಹೇಳಲು ಹೊರಟರೆ ನನ್ನ ಮಾತು ಅರ್ಧಕ್ಕೆ ನಿಲ್ಲುತ್ತದೆ. ಜನರ ಎದುರು ಮಾತಾಡುವ ಅಭ್ಯಾಸ ಚಿಕ್ಕಂದಿನಿಂದಲೂ ಇಲ್ಲ; ನಿಮ್ಮ ಎದುರಿಗೂ ಇಲ್ಲ ಎಂದರೆ ನಗಬೇಡಿ. ಮನೆಯಲ್ಲಿ ನಾವು ಆಡುವುದು ತುಳು. ಎಲ್ಲೂರಿನ ಶಾಲೆಯಲ್ಲಿ ಏಳನೆಯ ತರಗತಿಯ ತನಕ ಕಲಿತ ಕನ್ನಡ ನನಗೆ ಬರೆಯುವುದಕ್ಕೆ ಮಾತ್ರ. ಹಾಗಾಗಿ ಬರೆಯುತ್ತಿದ್ದೇನೆ. ಸ್ವಲ್ಪ ಬರೆದು ಕಣ್ಣು ಮುಚ್ಚಿ ಕೂರುತ್ತೇನೆ, ಮತ್ತೆ ಬರೆಯುತ್ತೇನೆ. ಅಕ್ಷರ ಅಲ್ಲಲ್ಲಿ ಓರೆಯಾಗಿದ್ದರೆ ಅದು ಬೆರಳಿನ ಗಂಟುಗಳ ತಪ್ಪು.

ಈ ಸಲ ಮಳೆಗಾಲ ಮುಗಿದ ಮೇಲೆ ಪೆಟ್ಟಿಗೆಯನ್ನು ತೆರೆದು ಬಿಸಿಲಿಗೆ ಹಾಕಿದೆವು. ಮಣಿಪಾಲದ ಈ ಫ್ಲ್ಯಾಟಿನಲ್ಲಿ ಬಿಸಿಲು ಬೀಳುವುದು ಬಾಲ್ಕನಿಯ ಒಂದು ಮೂಲೆಗೆ, ಅದೂ ಬಟ್ಟೆ ಒಣಗಿಸುವ ಹೊತ್ತಿಗೆ. ನಿಮ್ಮಮ್ಮನ ಬಟ್ಟೆ ಮತ್ತು ನನ್ನ ಕಾಗದಗಳು ಜಾಗಕ್ಕಾಗಿ ಜಗಳವಾಡಿದವು. ನಿಮ್ಮಲ್ಲಿ ದೊಡ್ಡವಳು ಪ್ಲಾಸ್ಟಿಕ್ ಹಾಳೆಗಳ ಆಲ್ಬಮ್ ತಂದು, ಎಲ್ಲವನ್ನೂ ಬಗೆಬಗೆಯಾಗಿ ವಿಂಗಡಿಸಿ ಅದರೊಳಗೆ ಸೇರಿಸೋಣ ಅಜ್ಜಿ ಎಂದಳು. ಆಯಿತು ಎಂದೆ. ಆದರೆ ಮನಸ್ಸಿನಲ್ಲಿ ಆಗಲೇ ದಣಿದಿದ್ದೆ. ಕೂಡಿಡುವಾಗ ಒಂದೊಂದಾಗಿ ಬಂದವು, ಭಾರ ಗೊತ್ತಾಗಲಿಲ್ಲ. ತೆಗೆಯುವಾಗ ಎಲ್ಲವೂ ಒಟ್ಟಿಗೆ ಬರುತ್ತವೆ.

ಮೊದಲಿನಿಂದ ಹೇಳುತ್ತೇನೆ.

ನಾನು ಸಣ್ಣವಳಿದ್ದಾಗ ಯಕ್ಷಗಾನ ಮೇಳದವರು ಬಾಡಿಗೆ ಕಾರಿಗೆ ಧ್ವನಿವರ್ಧಕ ಕಟ್ಟಿ ಊರೂರು ತಿರುಗಿ ಆಟದ ಸುದ್ದಿ ಸಾರುತ್ತಿದ್ದರು. ಕಿಟಕಿಯಿಂದ ಬಣ್ಣಬಣ್ಣದ ನೋಟೀಸುಗಳನ್ನು ಎಸೆಯುತ್ತಿದ್ದರು. ಗುಲಾಬಿ, ಹಳದಿ, ತಿಳಿ ಹಸಿರು. ಶಾಲೆ ಬಿಟ್ಟ ಮಕ್ಕಳೆಲ್ಲ ಕಾರಿನ ಹಿಂದೆ ಧೂಳಿನಲ್ಲಿ ಓಡುತ್ತಿದ್ದರು. ನಾನು ಓಡುತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ಬೇಲಿಯ ಸಂದಿಯಲ್ಲಿ, ತೋಡಿನ ಬದಿಯಲ್ಲಿ ಬಿದ್ದು ಉಳಿದದ್ದನ್ನು ಹೆಕ್ಕುತ್ತಿದ್ದೆ. ಓಡಿ ಹಿಡಿದವರ ನೋಟೀಸು ಸಂಜೆಯೊಳಗೆ ದೋಣಿಯಾಗಿಯೋ ಗಾಳಿಪಟದ ಬಾಲವಾಗಿಯೋ ಮುಗಿದುಹೋಗುತ್ತಿತ್ತು. ನಾನು ಹೆಕ್ಕಿದ್ದು ಉಳಿಯಿತು. ಕೆಸರಾಗಿದ್ದರೆ ನೀರಿನಲ್ಲಿ ಅದ್ದಿ, ಗೋಡೆಯ ಕನ್ನಡಿಯ ಮೇಲೆ ಹರವಿ ಒಣಗಿಸುತ್ತಿದ್ದೆ. ಬೆಂಕಿಪೊಟ್ಟಣದ ಚಿತ್ರಗಳನ್ನೂ ಹಾಗೆಯೇ. ಪೊಟ್ಟಣವನ್ನು ನೀರಿನಲ್ಲಿ ನೆನೆಹಾಕಿದರೆ ಚಿತ್ರ ತಾನಾಗಿ ಬಿಟ್ಟು ಮೇಲೆ ತೇಲುತ್ತದೆ. ಅದನ್ನು ಗಾಜಿಗೆ ಅಂಟಿಸಿ ಕಾಯಬೇಕು. ಒಣಗುವ ಮೊದಲು ಎಳೆದರೆ ಚಿತ್ರದ ಮುಖ ಗಾಜಿನಲ್ಲಿ, ಬೆನ್ನು ನಮ್ಮ ಕೈಯಲ್ಲಿ. ಇದನ್ನು ಯಾರೂ ಕಲಿಸಲಿಲ್ಲ; ಒಂದು ಹುಲಿ, ಎರಡು ಗಿಳಿ ಹಾಳಾದ ಮೇಲೆ ತಾನಾಗಿ ಗೊತ್ತಾಯಿತು.

ಕನ್ನಡಿಯ ಮುಂದೆ ನಿಂತು ತಲೆ ಬಾಚಲು ಬಂದ ನನ್ನ ಅಮ್ಮನಿಗೆ ಅವರ ಮುಖದ ಬದಲು ಆನೆ, ರೈಲು, ದೀಪ ಕಾಣುತ್ತಿದ್ದವು. ಬೈಯುತ್ತಿದ್ದರು. ಆದರೆ ಎಳೆದು ಬಿಸಾಡಲಿಲ್ಲ. ಬಗ್ಗಿ, ಆನೆಯ ಹೊಟ್ಟೆಯ ಕೆಳಗೆ ಉಳಿದ ಜಾಗದಲ್ಲಿ ಬೈತಲೆ ನೋಡಿಕೊಂಡು ಹೋಗುತ್ತಿದ್ದರು.

ಶಾಲೆ ಬಿಟ್ಟ ಮೇಲೆ ಹೊಲಿಗೆ ಕಲಿಯಲು ಕಾಪುವಿಗೆ ಹೋಗತೊಡಗಿದೆ. ಎಲ್ಲೂರಿನಿಂದ ಹೆದ್ದಾರಿಯ ತನಕ ನಡೆದು, ಅಲ್ಲಿ ಕಾರ್ಕಳದಿಂದ ಪಡುಬಿದ್ರಿಗಾಗಿ ಉಡುಪಿಗೆ ಹೋಗುವ ಬಸ್ಸು ಹತ್ತಬೇಕು. ಆ ಬಸ್ಸಿನ ಕಂಡಕ್ಟರೇ ನಿಮ್ಮ ಅಜ್ಜ. ಕಿವಿಯ ಮೇಲೆ ಪೆನ್ಸಿಲು, ಬಗಲಲ್ಲಿ ಚರ್ಮದ ಚೀಲ, ಬೆರಳ ಸಂದಿಯಲ್ಲಿ ಮಡಚಿದ ನೋಟುಗಳು. ಬಸ್ಸು ತುಂಬಿದಾಗ ಅವರ ಒಂದು ಮಾತು ದಾರಿಯುದ್ದಕ್ಕೂ ಪ್ರಸಿದ್ಧವಾಗಿತ್ತು: “ಮುಂದೆ ಹೋಗಿ ಮಾರಾಯ್ರೆ, ಎದುರು ಸಮುದ್ರ ಎಂತ ಇಲ್ಲ.” ಎಡಕ್ಕೆ ತೆಂಗಿನ ಮರಗಳ ಆಚೆ ನಿಜವಾದ ಸಮುದ್ರ ಇರುತ್ತಿತ್ತು. ಜನ ನಕ್ಕು ಮುಂದೆ ಸರಿಯುತ್ತಿದ್ದರು.

ಆಗಿನ ಟಿಕೆಟುಗಳು ತೆಳು ಕಾಗದದವು, ದೂರಕ್ಕೆ ತಕ್ಕ ಬಣ್ಣದವು. ನಾನು ಇಳಿಯುವಾಗ ಟಿಕೆಟನ್ನು ಬಿಸಾಡದೆ ಮಡಚಿ ಹೊಲಿಗೆಯ ಪುಸ್ತಕದೊಳಗೆ ಇಡುವುದನ್ನು ಅವರು ನೋಡಿದ್ದರಂತೆ. ನನಗೆ ಗೊತ್ತಿರಲಿಲ್ಲ, ನಾನು ತಲೆ ಎತ್ತಿದ್ದರಲ್ಲವೇ ಗೊತ್ತಾಗುವುದು. ಮದುವೆಯಾಗಿ ಕಾರ್ಕಳದ ಹತ್ತಿರದ ಬಾಡಿಗೆ ಮನೆಗೆ ಬಂದ ಮೇಲೆ ಒಂದು ದಿನ ಅವರೇ ಹೇಳಿದರು. “ಟಿಕೆಟನ್ನೇ ಬಿಸಾಡದವಳು ಗಂಡನನ್ನು ಬಿಸಾಡುವುದಿಲ್ಲ ಅಂತ ಅಂದಾಜು ಮಾಡಿದ್ದು ನಾನು,” ಎಂದರು. ನಾನು ಒಳಗೆ ಹೋಗಿಬಿಟ್ಟೆ.

ಆಮೇಲಿಂದ ಪೆಟ್ಟಿಗೆಯನ್ನು ತುಂಬಿದವರು ಅವರೇ. ಮುಗಿದ ಟಿಕೆಟ್ ಪುಸ್ತಕಗಳ ರಟ್ಟು, ಬಟ್ಟೆಯಂಗಡಿಯ ಚೀಲ, ಸಿನೆಮಾ ಟಾಕೀಸಿನ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕ, ಸಾಬೂನಿನ ಹೊದಿಕೆ. ಬಸ್ಸಿನಲ್ಲಿ ಮಕ್ಕಳು ಬಿಟ್ಟುಹೋದ ಆಟಿಕೆಗಳನ್ನು ಡ್ರೈವರ್ ಸೀಟಿನ ಹಿಂದೆ ಇಟ್ಟು, ಯಾರಾದರೂ ಕೇಳಿಯಾರೆಂದು ತಿಂಗಳುಗಟ್ಟಲೆ ಕಾಯುತ್ತಿದ್ದರು. ಯಾರೂ ಕೇಳದಿದ್ದರೆ ಮನೆಗೆ ತರುತ್ತಿದ್ದರು. ಕೀಲಿ ಕೊಟ್ಟರೆ ಡೋಲು ಬಡಿಯುವ ತಗಡಿನ ಮಂಗ ಬಂದದ್ದು ಹಾಗೆ. ಅದಕ್ಕೆ ಒಂದು ಕೈ ಇಲ್ಲ, ಆದ್ದರಿಂದ ಅರ್ಧ ತಾಳ ಮಾತ್ರ. ಒಳಗಿನ ನೀರಿನಲ್ಲಿ ಹಡಗು ತೇಲುವ ಪೆನ್ನು ಗಲ್ಫಿನಿಂದ ಬಂದ ಯಾರೋ ಕೊಟ್ಟದ್ದು. ಬೆರಳುದ್ದದ ಕಲ್ಲಿನ ಗೊಮ್ಮಟ ಕಾರ್ಕಳದ್ದೇ. ನಾನು ಬೇಕೆಂದು ಯಾವುದನ್ನೂ ಕೇಳಿದವಳಲ್ಲ. ಅವರು ಅಂಗಿ ಬಿಚ್ಚುವ ಮೊದಲು ಕಿಸೆಯಿಂದ ತೆಗೆದು ಮಣೆಯ ಮೇಲೆ ಇಡುತ್ತಿದ್ದರು. ನಾನು ನೋಡಿಯೂ ನೋಡದ ಹಾಗೆ ಅನ್ನಕ್ಕೆ ನೀರಿಡುತ್ತಿದ್ದೆ. ಊಟವಾದ ಮೇಲೆ ಎತ್ತಿಕೊಳ್ಳುತ್ತಿದ್ದೆ. ಇಷ್ಟೇ ನಮ್ಮ ಸಂತೋಷ. ಈಗ ಬರೆಯುವಾಗ ತುಂಬಾ ಸಣ್ಣದಾಗಿ ಕಾಣುತ್ತದೆ, ಆದರೆ ಆ ದಿನಗಳಲ್ಲಿ ಸಂಜೆಯ ಬಸ್ಸಿನ ಹಾರನ್ನು ಕೇಳಿದರೆ ನನ್ನ ಕೈ ತನ್ನಷ್ಟಕ್ಕೇ ಆ ಮಣೆಯನ್ನು ಒರೆಸುತ್ತಿತ್ತು.

ಈಗ ಆಲ್ಬಮಿನ ವಿಷಯಕ್ಕೆ ಬರುತ್ತೇನೆ. ದೊಡ್ಡವಳು ಕಾಗದಗಳನ್ನು ವಿಂಗಡಿಸುತ್ತಾ ಹೋದಳು. ನಮ್ಮಲ್ಲಿ ಆಮಂತ್ರಣಕ್ಕೆ ಕಾಗದ ಎಂದೇ ಹೇಳುವುದು. ಮದುವೆ ಕಾಗದಗಳು ಒಂದು ರಾಶಿ, ಮೂಲೆಯ ಅರಸಿನ ಇನ್ನೂ ಮಾಸಿಲ್ಲ. ಗೃಹಪ್ರವೇಶ, ದೇವಸ್ಥಾನದ ಬ್ರಹ್ಮಕಲಶ, ಅಂಗಡಿಯ ಪ್ರಾರಂಭೋತ್ಸವ. ಅವಳು ತಲೆ ಎತ್ತಿ, “ಅಜ್ಜಿ, ಬೊಜ್ಜದ್ದು ಒಂದೂ ಇಲ್ಲವಲ್ಲ?” ಎಂದಳು.

ಸತ್ತವರ ಉತ್ತರಕ್ರಿಯೆಗೆ ನಾವು ಬೊಜ್ಜ ಎನ್ನುವುದು. ಅದರ ಕಾಗದವನ್ನು ಯಾರೂ ಮನೆಯೊಳಗೆ ತರುವುದಿಲ್ಲ. ತಂದು ಕೊಟ್ಟವರು ಅಂಗಳದಲ್ಲೇ ಕೊಡುತ್ತಾರೆ, ಪಡೆದವರು ಅಲ್ಲೇ ಓದಿ, ದಿನ ನೆನಪಿಟ್ಟುಕೊಂಡು, ಹರಿದು ಹಾಕುತ್ತಾರೆ. ನನ್ನ ಅಮ್ಮ ಹೀಗೆ ಮಾಡುತ್ತಿದ್ದರು, ಅತ್ತೆ ಹೀಗೆ ಮಾಡುತ್ತಿದ್ದರು. ಇಲ್ಲಿ ಅಂಗಳವಿಲ್ಲ, ಆದ್ದರಿಂದ ನಿಮ್ಮಮ್ಮ ಲಿಫ್ಟಿನ ಎದುರು ನಿಂತು ಓದಿ ಹರಿಯುತ್ತಾಳೆ. ವಾಟ್ಸಾಪಿನಲ್ಲಿ ಬಂದರೆ ನೋಡಿದ ಕೂಡಲೇ ಅಳಿಸುತ್ತಾಳೆ. ಹಾಗಿರುವಾಗ ಪೆಟ್ಟಿಗೆಯಲ್ಲಿ ಎಲ್ಲಿಂದ ಬರಬೇಕು? ನಲವತ್ತು ಐವತ್ತು ವರ್ಷ ಕಾಗದ ಕೂಡಿಟ್ಟವಳ ಬಳಿ ಸಾವಿನ ಕಾಗದ ಒಂದೂ ಇಲ್ಲ. ನೋಡಿದವರು ಈ ಊರಿನಲ್ಲಿ ಯಾರೂ ಸಾಯಲೇ ಇಲ್ಲ ಎಂದುಕೊಂಡಾರು.

ನಾನು ಇಷ್ಟನ್ನು ಹೇಳಿ ಸುಮ್ಮನಾಗಬೇಕಿತ್ತು. ಆದರೆ ಆ ದಿನ ಯಾಕೋ ಇನ್ನೊಂದು ಮಾತು ಹೊರಬಿತ್ತು. “ಒಂದು ಮಾತ್ರ ಬೇಕಿತ್ತು ನನಗೆ. ಅಜ್ಜನದ್ದು.”

ಅವಳಿಗೆ ಆ ಕಥೆ ಗೊತ್ತಿರಲಿಲ್ಲ. ಆಗ ನೀವಿಬ್ಬರೂ ಸಣ್ಣವರು. ನಿಮ್ಮ ಅಜ್ಜ ತೀರಿಕೊಂಡಾಗ ಕಾಗದ ಮಾಡಿಸುವ ಕೆಲಸ ನಿಮ್ಮಪ್ಪನ ಪಾಲಿಗೆ ಬಂತು. ಹಾಕಲು ಒಂದು ಫೋಟೊ ಬೇಕಿತ್ತು. ಈಗ ಗೋಡೆಯಲ್ಲಿರುವುದು ಸ್ಟುಡಿಯೊದ್ದು, ಅದರಲ್ಲಿ ಅವರು ಯಾರದೋ ಅಂಗಿ ಹಾಕಿಕೊಂಡವರಂತೆ ಬಿಗಿದು ಕುಳಿತಿದ್ದಾರೆ. ಆಯುಧಪೂಜೆಯ ದಿನ ಬಸ್ಸಿಗೆ ಹೂವು ಕಟ್ಟಿ ತೆಗೆದ ಇನ್ನೊಂದು ಫೋಟೊ ಇತ್ತು. ಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದು, ಪೆನ್ಸಿಲು ಕಿವಿಯಲ್ಲೇ ಇದ್ದು, ಬಾಯಿ ತೆರೆದು ನಗುತ್ತಿದ್ದರು. ಅದನ್ನೇ ಕೊಟ್ಟೆವು. ಆ ಗಡಿಬಿಡಿಯಲ್ಲಿ ಅಸಲು ಫೋಟೊ ಮುದ್ರಣದವರಿಂದ ಹಿಂದೆ ಬರಲೇ ಇಲ್ಲ. ಆಮೇಲೆ ಹುಡುಕಿದಾಗ ಅಂಗಡಿ ಮುಚ್ಚಿ ಅವರು ಬೇರೆ ಊರಿಗೆ ಹೋಗಿದ್ದರು.

ಕಾಗದ ಅಚ್ಚಾಗಿ ಬಂದದ್ದೇ ನಿಮ್ಮಪ್ಪ ಬೈಕಿನಲ್ಲಿ ಹಂಚಲು ಹೋದ. ಬಸ್ಸಿನವರ ಕೈಯಲ್ಲಿ ಒಂದು ಕಟ್ಟು ದಾರಿಯ ಅಂಗಡಿಗಳಿಗೆ ಹೋಯಿತು. ಬಜಗೋಳಿಯ ಸಂಬಂಧಿಕರೊಬ್ಬರು ಫೋನು ಮಾಡಿ ಹೇಳಿದ ಮೇಲೆ ನಮಗೆ ಗೊತ್ತಾಯಿತು. ಮುದ್ರಣದವರು ಹಿಂದಿನ ದಿನ ಮಾಡಿದ ಮದುವೆ ಕಾಗದದ ಮೇಲೆಯೇ ಹೆಸರು, ದಿನ ಬದಲಿಸಿ ಇದನ್ನು ಮಾಡಿದ್ದರು. ಕೆಳಗಿನ ಒಂದು ಸಾಲು ತೆಗೆಯಲು ಮರೆತಿದ್ದರು. ನಿಮ್ಮ ಅಜ್ಜನ ನಗುವ ಮುಖ, ಸ್ವರ್ಗಸ್ಥರಾದ ಸಂಗತಿ, ಊಟದ ಹೊತ್ತು, ಎಲ್ಲ ಆದ ಮೇಲೆ ಕೊನೆಯಲ್ಲಿ: “ಉಡುಗೊರೆಗಿಂತ ತಮ್ಮ ಉಪಸ್ಥಿತಿಯೇ ನಮಗೆ ಸಂತೋಷ.”

ನಿಮ್ಮಮ್ಮ ನಾಚಿಕೆಯಿಂದ ಕುಸಿದಳು. ಅಪ್ಪನ ಸಾವಿಗೆ ಅಳದಷ್ಟು ಆ ಸಾಲಿಗೆ ಅತ್ತಳು. ಊರವರು ನಗುತ್ತಾರೆ ಎಂದಳು. ಉಳಿದ ಕಾಗದಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿ, ಕಾಗದ ತಲುಪಿದ ನೆಂಟರಿಗೆ ಫೋನು ಮಾಡಿ ಹರಿಯಲು ಹೇಳಿ, ಫೋಟೊ ಇಲ್ಲದ ಹೊಸದನ್ನು ಬೇರೆ ಕಡೆ ಮಾಡಿಸಿದರು. ನಾನು ಒಳಗಿನ ಕೋಣೆಯ ಮೂಲೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದೆ. ಒಲೆಯ ಹೊಗೆ ಕಿಟಕಿಯ ಆಚೆ ಏಳುವುದು ಕಾಣುತ್ತಿತ್ತು. ಒಂದನ್ನು ನನಗೆ ಕೊಡಿ ಎಂದು ಕೇಳಬೇಕೆನಿಸಿತು. ಅಂಥ ಹೊತ್ತಿನಲ್ಲಿ ಹೊಸ ವಿಧವೆ ಬೊಜ್ಜದ ಕಾಗದವನ್ನು ಕೂಡಿಡಲು ಕೇಳುವುದೇ? ತಲೆ ಕೆಟ್ಟಿದೆ ಎಂದಾರು. ಬಾಯಿ ಬರಲಿಲ್ಲ.

ಆದರೆ ಮಕ್ಕಳೇ, ಆ ಸಾಲನ್ನು ಓದಿದ್ದರೆ ಅತ್ಯಂತ ಹೆಚ್ಚು ನಗುತ್ತಿದ್ದವರು ಅವರೇ. ತಪ್ಪಾಗಿ ಅಚ್ಚಾದ ಟಿಕೆಟ್ ಸಿಕ್ಕಿದರೆ ನನಗೆಂದು ತೆಗೆದಿಡುತ್ತಿದ್ದ ಮನುಷ್ಯ. ಅಂಥದ್ದೊಂದು ಕಾಗದ ಸಿಕ್ಕಿದ್ದರೆ ಸಂಜೆ ಮಣೆಯ ಮೇಲೆ ಇಡುತ್ತಿದ್ದರು.

ದೊಡ್ಡವಳು ಎಲ್ಲವನ್ನೂ ಕೇಳಿ ಸ್ವಲ್ಪ ಹೊತ್ತು ತಗಡಿನ ಮಂಗನ ಕೀಲಿ ತಿರುಗಿಸುತ್ತಾ ಕುಳಿತಳು. ಆಮೇಲೆ, ಹರಿಯುವುದು ನಮ್ಮವರ ಕ್ರಮ, ನಮ್ಮವರಲ್ಲದವರಿಗೂ ಕಾಗದ ಹೋಗಿತ್ತಾ ಎಂದು ಕೇಳಿದಳು. ಅಷ್ಟು ವರ್ಷ ಅದು ನನಗೆ ಹೊಳೆದಿರಲಿಲ್ಲ. ನನ್ನ ಕೈಯಲ್ಲಿ ಆಗ ಒಂದು ಪುಟ್ಟ ಪ್ಲಾಸ್ಟಿಕ್ ಕ್ಯಾಮೆರಾ ಇತ್ತು. ನೀವು ಅದನ್ನು ಕಣ್ಣಿಗೆ ಹಿಡಿದು ಆಡಿದ್ದೀರಿ. ಗುಂಡಿ ಒತ್ತಿದರೆ ಒಳಗೆ ಮಕ್ಕಾ ಮದೀನಾದ ಚಿತ್ರಗಳು ಒಂದಾದ ಮೇಲೊಂದು ಬರುತ್ತವೆ. ಕಾಪು ಪೇಟೆಯಲ್ಲಿ ಬಳೆ, ರಿಬ್ಬನ್, ಆಟಿಕೆ, ಕಪ್ಪೆಚಿಪ್ಪಿನ ದೀಪ ಮಾರುವ ಫ್ಯಾನ್ಸಿ ಅಂಗಡಿಯ ಸಾಹೇಬರು ಹಜ್ಜಿನಿಂದ ಬಂದಾಗ ಖರ್ಜೂರದ ಜೊತೆ ನಿಮ್ಮ ಅಜ್ಜನ ಕೈಯಲ್ಲಿ ನನಗೆ ಕಳಿಸಿದ್ದು. ಅವರ ಅಂಗಡಿಯ ಸಾಮಾನಿನ ಕಟ್ಟುಗಳನ್ನು ಉಡುಪಿಯಿಂದ ನಿಮ್ಮ ಅಜ್ಜ ಬಸ್ಸಿನಲ್ಲಿ ತಂದು ಇಳಿಸಿಕೊಡುತ್ತಿದ್ದರು. ಬೊಜ್ಜದ ದಿನ ಅವರು ಬಂದದ್ದು ನನಗೆ ನೆನಪಿತ್ತು. ಚಪ್ಪರದ ಹೊರಗಿನ ಸಾಲಿನಲ್ಲಿ ಬಿಳಿ ಟೊಪ್ಪಿ ಕಂಡಿತ್ತು.

ಒಂದು ಭಾನುವಾರ ನಾನೂ ಅವಳೂ ಹೊರಟೆವು. ನಿಮ್ಮಮ್ಮನಿಗೆ ಕಾಪುವಿನ ದೀಪಸ್ತಂಭ ನೋಡಲು ಹೋಗುತ್ತೇವೆ ಎಂದೆವು. ಸುಳ್ಳಲ್ಲ, ದೂರದಿಂದ ನೋಡಿದೆವು ಕೂಡ. ಮೆಟ್ಟಿಲು ಹತ್ತುವ ಕಾಲು ನನ್ನದಲ್ಲ. ಮಣಿಪಾಲದಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಕಾಪುವಿಗೆ ಇನ್ನೊಂದು. ಉಡುಪಿಯ ನಿಲ್ದಾಣದಲ್ಲಿಯೇ ನನಗೆ ಸಾಕಾಗಿತ್ತು. ಸೀಟಿನಲ್ಲಿ ಕುಳಿತು, ಇದೆಲ್ಲ ಯಾಕೆ ಬೇಕಿತ್ತು, ಅಂಗಡಿ ಇಲ್ಲದಿದ್ದರೆ, ಸಾಹೇಬರೇ ಇಲ್ಲದಿದ್ದರೆ ಎಂದು ಯೋಚಿಸಿದೆ. ಇಲ್ಲದಿದ್ದರೆ ಒಳ್ಳೆಯದೇ ಎಂದೂ ಅನಿಸಿತು. ಬೇಕಾದದ್ದು ಇಲ್ಲ ಎಂದು ಗೊತ್ತಾದರೆ ಒಂದು ದಣಿವು ಕಡಿಮೆ.

ಅಂಗಡಿ ಇತ್ತು. ಈಗ ಅವರ ಮಗ ನೋಡಿಕೊಳ್ಳುತ್ತಾನೆ. ಸಾಹೇಬರು ಬಾಗಿಲ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ದಾರಿ ನೋಡುತ್ತಿದ್ದರು. ಕಣ್ಣು ಮಂದವಾಗಿದೆಯಂತೆ. ನಾನು ಹೇಗೆ ಮಾತು ಶುರು ಮಾಡುವುದೆಂದು ಸೆರಗಿನ ತುದಿ ಹಿಡಿದು ನಿಂತೆ. ದೊಡ್ಡವಳೇ ಅಜ್ಜನ ಬಸ್ಸಿನ ಹೆಸರು ಹೇಳಿ, ಇವರು ಆ ಕಂಡಕ್ಟರ ಹೆಂಡತಿ ಎಂದಳು. ಅವರು ಕುರ್ಚಿಯಿಂದ ಏಳಲು ನೋಡಿದರು. ಬೇಡ ಬೇಡ ಎಂದೆ. ಅವರು ಮಗನಿಗೆ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು, ಎರಡು ಸ್ಟೂಲು ಬಂತು, ಸ್ವಲ್ಪ ಹೊತ್ತಿಗೆ ಚಹಾವೂ ಬಂತು.

“ಎದುರು ಸಮುದ್ರ ಎಂತ ಇಲ್ಲ,” ಎಂದರು ಸಾಹೇಬರು, ತಮ್ಮಷ್ಟಕ್ಕೆ. “ನನ್ನ ಅಂಗಡಿಯ ಎದುರು ಬಸ್ಸು ನಿಲ್ಲಿಸಿ ಹೇಳುವುದು ಅದನ್ನು. ನನ್ನ ಹಿಂದೆಯೇ ಸಮುದ್ರ ಉಂಟು, ಈ ಜನ ಎಂತ ಹೇಳುತ್ತಾನೆ ಅಂತ ನಾನು ನಗುವುದು.”

ಆಮೇಲೆ ದೊಡ್ಡವಳು ಕಾಗದದ ಮಾತೆತ್ತಿದಳು. ಇಂಥದ್ದೊಂದು ಕಾಗದ ಬಂದಿತ್ತಾ, ಹರಿದು ಹಾಕಿದಿರಾ ಎಂದು ಕೇಳಿದಳು. ಅವರು ಅರ್ಥವಾಗದವರಂತೆ ನೋಡಿದರು.

“ಹರಿಯುವುದು ಯಾಕೆ? ಮನುಷ್ಯನ ಫೋಟೊ ಉಂಟಲ್ಲ ಅದರಲ್ಲಿ.”

ಅವರು ಕೈ ತೋರಿಸಿದ್ದು ಗಲ್ಲಾದ ಮೇಜಿನ ಕಡೆಗೆ. ಮೇಜಿನ ಮೇಲೆ ದಪ್ಪ ಗಾಜಿನ ಹಾಸು, ಅದರ ಕೆಳಗೆ ವ್ಯಾಪಾರಿಗಳ ಚೀಟಿ, ನಮಾಜಿನ ವೇಳೆಯ ಪಟ್ಟಿ, ಬಂಧುಗಳ ಮದುವೆ ಕಾಗದ, ಒಂದು ಮಗುವಿನ ಫೋಟೊ. ಅವುಗಳ ನಡುವೆ ನಿಮ್ಮ ಅಜ್ಜ. ಬಣ್ಣ ಬಿಸಿಲಿಗೆ ನೀಲಿಯಾಗಿತ್ತು. ಆದರೆ ಬಾಯಿ ತೆರೆದ ನಗು ಹಾಗೆಯೇ ಇತ್ತು, ಕಿವಿಯ ಪೆನ್ಸಿಲೂ. ಮುಖದ ಮೇಲೆಯೇ ಅಷ್ಟು ವರ್ಷ ಚಿಲ್ಲರೆ ಕೊಟ್ಟು ಚಿಲ್ಲರೆ ತೆಗೆದಿದ್ದಾರೆ. ಕಂಡಕ್ಟರಿಗೆ ಅದು ಸರಿಯಾದ ಜಾಗವೇ.

ನಾನು ಬಗ್ಗಿ ಕೆಳಗಿನ ಸಾಲು ಓದಿದೆ. ಉಡುಗೊರೆಗಿಂತ ತಮ್ಮ ಉಪಸ್ಥಿತಿಯೇ ನಮಗೆ ಸಂತೋಷ. ದೊಡ್ಡವಳು ನನ್ನ ಬೆನ್ನ ಹಿಂದೆ ನಗು ತಡೆಯುತ್ತಿದ್ದುದು ಕೇಳಿಸಿತು. ಆ ಸಾಲು ಮುದ್ರಣದವರ ತಪ್ಪು, ಅದು ಮದುವೆಯದ್ದು, ಆಮೇಲೆ ಬೇರೆ ಮಾಡಿಸಿದೆವು ಎಂದು ನಾನು ಹೇಗೋ ಮಾಡಿ ಹೇಳಿದೆ. ಅಷ್ಟು ಉದ್ದದ ಮಾತನ್ನು ನಾನು ಹೊರಗಿನವರ ಜೊತೆ ಆಡಿದ್ದು ಅದೇ ಮೊದಲು ಇರಬೇಕು.

ತಪ್ಪು ಎಂಬುದು ಸಾಹೇಬರಿಗೆ ಗೊತ್ತೇ ಇರಲಿಲ್ಲ.

“ನಾನು ಬಂದದ್ದೇ ಅದನ್ನು ಓದಿ ಅಲ್ವಾ ಅಕ್ಕ,” ಎಂದರು. “ನಿಮ್ಮಲ್ಲಿ ಬೊಜ್ಜಕ್ಕೆ ನಮ್ಮವರು ಬರಬಹುದಾ, ಬಂದರೆ ಎಂತ ತರಬೇಕು, ಎಲ್ಲಿ ಕೂರಬೇಕು, ಯಾರನ್ನು ಕೇಳುವುದು? ಬೇಡ ಅಂತ ಮಾಡಿದ್ದೆ. ಮತ್ತೆ ನೋಡಿದರೆ ಕೆಳಗೆ ಬರೆದದ್ದು ಉಂಟು. ಎಂತ ತರಬೇಡಿ, ನೀವು ಬಂದರೆ ಸಾಕು ಅಂತ. ಕಂಡಕ್ಟ್ರೇ ಹೇಳಿದ ಹಾಗೆ ಕಂಡಿತು ನನಗೆ. ಅಂಗಡಿ ಮುಚ್ಚಿ ಬಂದೆ.”

ನನಗೆ ಕಣ್ಣು ಮಂಜಾಯಿತು. ಚಹಾದ ಲೋಟವನ್ನು ಹಿಡಿದುಕೊಂಡು ಅದರೊಳಗೆ ನೋಡುತ್ತಾ ಕುಳಿತೆ. ನಾವು ನಾಚಿ ಸುಟ್ಟ ಸಾಲು ಒಬ್ಬರನ್ನು ದಾರಿಯುದ್ದ ಕರೆದುಕೊಂಡು ಬಂದಿತ್ತು, ಮತ್ತು ಅದು ಅಷ್ಟು ಕಾಲ ನಮಗೆ ಯಾರಿಗೂ ತಿಳಿದಿರಲಿಲ್ಲ.

ತೆಗೆದುಕೊಂಡು ಹೋಗಿ ಅಕ್ಕ, ನಿಮ್ಮದೇ ಅಲ್ಲವೇ ಎಂದು ಅವರೇ ಹೇಳಿದರು. ಮಗನೂ ಇನ್ನೊಬ್ಬನೂ ಸೇರಿ ಗಾಜಿನ ಹಾಸನ್ನು ಎತ್ತಿದರು. ಬೇರೆ ಚೀಟಿಗಳು ಮೇಜಿನ ಮೇಲೆಯೇ ಉಳಿದವು. ನಿಮ್ಮ ಅಜ್ಜ ಮಾತ್ರ ಗಾಜಿನ ಜೊತೆ ಮೇಲೆ ಬಂದರು. ಎಷ್ಟೋ ಮಳೆಗಾಲಗಳ ಶೀತಕ್ಕೆ ಆ ಮಿನುಗು ಕಾಗದ ಗಾಜಿಗೆ ಹಿಡಿದುಬಿಟ್ಟಿತ್ತು. ಮಗ ಉಗುರಿನಿಂದ ಮೂಲೆಯನ್ನು ಎಬ್ಬಿಸಲು ಕೈ ಹಾಕಿದ.

“ಎಳೆಯಬೇಡ ಮಗ,” ಎಂದೆ. ನನ್ನ ಸ್ವರ ನನಗೇ ಗಟ್ಟಿಯಾಗಿ ಕೇಳಿತು.

ಕನ್ನಡಿಯ ಮೇಲಿನ ಹುಲಿಯ ನೆನಪಾಗಿತ್ತು. ಎಳೆದರೆ ಮುಖ ಗಾಜಿನಲ್ಲಿ ಉಳಿಯುತ್ತದೆ, ನನ್ನ ಕೈಗೆ ಬರುವುದು ಬಿಳಿಯ ಬೆನ್ನು. ನೀರು ಹಾಕಿ ನೆನೆಸಿದರೆ ಬಿಡಬಹುದು. ಬೆಂಕಿಪೊಟ್ಟಣದ ಚಿತ್ರ ಬಿಡುತ್ತಿತ್ತು. ಆದರೆ ಅದು ಹಳೆಯ ಕಾಲದ ಮಸಿ. ಈಗಿನ ಬಣ್ಣ ನೀರಿನ ಜೊತೆ ಹೋಗಿಬಿಟ್ಟರೆ? ಇರುವ ಒಂದರ ಮೇಲೆ ಪರೀಕ್ಷೆ ಮಾಡುವ ಧೈರ್ಯ ನನಗಿಲ್ಲ, ಇಷ್ಟು ದಣಿದ ಮೇಲೆ ಇನ್ನೊಮ್ಮೆ ಕಳೆದುಕೊಳ್ಳುವ ಶಕ್ತಿಯೂ ಇಲ್ಲ.

ಅಲ್ಲೇ ಇರಲಿ ಎಂದೆ. ಗಾಜು ಮತ್ತೆ ಮೇಜಿನ ಮೇಲೆ ಕುಳಿತಿತು. ಸಾಹೇಬರು ಮಗನಿಗೆ, ಮೇಜು ಬದಲಿಸುವುದಿದ್ದರೂ ಈ ಗಾಜು ಇರಬೇಕು ಎಂದು ನನ್ನ ಎದುರಿಗೇ, ನನಗೆ ಅರ್ಥವಾಗಲೆಂದು ತುಳುವಿನಲ್ಲೇ ಹೇಳಿದರು. ಬರುವಾಗ ಕಪ್ಪೆಚಿಪ್ಪಿನ ಒಂದು ಸಣ್ಣ ಪೆಟ್ಟಿಗೆಯನ್ನು ದೊಡ್ಡವಳ ಕೈಗೆ ಕೊಟ್ಟರು, ಬೇಡವೆಂದರೂ ಕೇಳಲಿಲ್ಲ. ಅವಳು ಹೊರಡುವ ಮೊದಲು ಫೋನಿನಲ್ಲಿ ಗಾಜಿನ ಮೇಲಿಂದಲೇ ಒಂದು ಚಿತ್ರ ತೆಗೆದಳು. ಮೇಲಿನ ಫ್ಯಾನಿನ ನೆರಳೂ ಅದರಲ್ಲಿ ಬಂದಿದೆ.

ಹಿಂದೆ ಬರುವಾಗ ಬಸ್ಸಿನಲ್ಲಿ ನಿದ್ದೆ ಬಂತು. ಕಂಡಕ್ಟರು ಯಂತ್ರದಿಂದ ಹರಿದು ಕೊಟ್ಟ ಟಿಕೆಟು ಅಭ್ಯಾಸದಂತೆ ನನ್ನ ಮುಷ್ಟಿಯಲ್ಲೇ ಇತ್ತು. ಈಗಿನ ಟಿಕೆಟುಗಳ ಅಕ್ಷರ ಬೇಗ ಮಾಸಿಹೋಗುತ್ತದೆ; ಕೂಡಿಟ್ಟರೆ ಕೆಲವು ತಿಂಗಳಿಗೆ ಬರೀ ಬಿಳಿ ಚೀಟಿ. ಆದರೂ ಇಟ್ಟುಕೊಂಡೆ.

ಮನೆಗೆ ಬಂದಾಗ ನಿಮ್ಮಮ್ಮ ಬಾಗಿಲು ತೆರೆದು, ಮುಖ ನೋಡಿಯೇ, ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದಳು. ದೀಪಸ್ತಂಭಕ್ಕೆ ಹೋದವರ ಮುಖ ಹೀಗಿರುವುದಿಲ್ಲ ಎಂದಳು. ದೊಡ್ಡವಳು ಎಲ್ಲವನ್ನೂ ಹೇಳಿದಳು. ಸಾಹೇಬರ ಮಾತನ್ನೂ ಅವರು ಹೇಳಿದ ಹಾಗೆಯೇ ಹೇಳಿದಳು. ನಿಮ್ಮಮ್ಮ ಕೈಯಲ್ಲಿದ್ದ ಸೌಟನ್ನು ಹಿಡಿದುಕೊಂಡೇ ಕೇಳಿದಳು. ನಾನು ಸೋಫಾದಲ್ಲಿ ಕುಳಿತು ಕಾಲು ನೀವಿಕೊಳ್ಳುತ್ತಿದ್ದೆ.

“ಚಿತ್ರ ತೆಗೆದಿದ್ದೇನೆ,” ಎಂದಳು ದೊಡ್ಡವಳು. “ಫೋನಿನಲ್ಲಿದ್ದರೆ ಮನೆಯೊಳಗೆ ತಂದ ಹಾಗೆ ಆಗುತ್ತದಾ ಅಮ್ಮ?”

ನಿಮ್ಮಮ್ಮ ಸೌಟನ್ನು ಮೇಜಿನ ಮೇಲಿಟ್ಟು, ಕೈಯನ್ನು ಚೂಡಿದಾರಕ್ಕೆ ಒರೆಸಿ, ಫೋನು ತೆಗೆದುಕೊಂಡಳು. ಆಮೇಲೆ ಬಾಗಿಲು ತೆರೆದು ಹೊರಗೆ ಹೋದಳು. ಚಪ್ಪಲಿ ಹಾಕಿಕೊಂಡು ಹೋದಳು, ಅಂಗಳಕ್ಕೆ ಇಳಿಯುವವರ ಹಾಗೆ. ಲಿಫ್ಟಿನ ಎದುರು, ಬೊಜ್ಜದ ಕಾಗದಗಳನ್ನು ಓದುವ ಜಾಗದಲ್ಲೇ, ಗೋಡೆಗೆ ಒರಗಿ ನಿಂತಳು.

ನೋಡಿದ ಕೂಡಲೇ ಅಳಿಸುವುದು ಅವಳ ಕ್ರಮ. ಅಳಿಸಬೇಡ ಎಂದು ನನಗೆ ಕೂಗಿ ಹೇಳಬೇಕೆನಿಸಿತು. ಅಂಗಡಿಯಲ್ಲಿ ಒಮ್ಮೆ ಬಂದ ಸ್ವರ ಮತ್ತೆ ಬರಲಿಲ್ಲ. ಅರ್ಧ ತೆರೆದ ಬಾಗಿಲಿನಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಲಿಫ್ಟು ಒಮ್ಮೆ ಮೇಲೆ ಹೋಯಿತು, ಒಮ್ಮೆ ಕೆಳಗೆ ಬಂತು. ಅವಳ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಸದ್ದು ಕೇಳಿತು. ನಗುತ್ತಿದ್ದಳು. ಅವಳ ಅಪ್ಪನ ಹಾಗೆ, ಬಾಯಿ ತೆರೆದು.

ಒಳಗೆ ಬಂದವಳು ಕಾಲು ತೊಳೆದು, ಫೋನನ್ನು ಮಗಳಿಗೆ ಕೊಟ್ಟು, ಸೌಟು ತೆಗೆದುಕೊಂಡು ಅಡುಗೆಮನೆಗೆ ಹೋದಳು. “ಸಾಹೇಬರಿಗೆ ನಮ್ಮ ಮನೆಯದ್ದು ಎಂತಾದರೂ ಕೊಂಡುಹೋಗಬೇಕಿತ್ತು ಅಮ್ಮ,” ಎಂದು ಅಲ್ಲಿಂದ ಹೇಳಿದಳು. “ಖಾಲಿ ಕೈಯಲ್ಲಿ ಹೋದಿರಾ?”

ಅವರಿಗೆ ಉಡುಗೊರೆ ಬೇಡವಂತೆ ಎಂದಳು ದೊಡ್ಡವಳು.

ನಾನು ಅವಳ ಕೈಯಿಂದ ಫೋನು ತೆಗೆದುಕೊಂಡು ಕನ್ನಡಕ ಹಾಕಿ ನೋಡಿದೆ. ಚಿತ್ರ ಇತ್ತು.